ಸಂದರ್ಶಕರ ಪುಸ್ತಕ

ಉದ್ಯಾವರದ ಸೇತುವೆ ಇಳಿದು ಎಡಕ್ಕೆ ತಿರುಗಿದರೆ
ಹಿಂದೆ ಬೀಡಿ ಬ್ರಾಂಚ್ ಇದ್ದ ಕೋಣೆ.
ಎಷ್ಟು ಸುಣ್ಣ ಬಳಿದರೂ ಹೊಗೆಸೊಪ್ಪಿನ ಘಾಟು
ಆಟಿ ತಿಂಗಳಲ್ಲಿ ಗೋಡೆಯಿಂದ ಇಳಿಯುತ್ತದೆ.
ಅಲ್ಲಿ ಗಾಜಿನ ಹಿಂದೆ ನಮ್ಮ ಮನೆತನ ಕೂತಿದೆ:
ಹನ್ನೆರಡರಲ್ಲಿ ಹನ್ನೊಂದು ಸಾಮಾನು.

ಬೀಗದ ಕೈ ನನ್ನದು. ಪೊರಕೆಯೂ.
ಹತ್ತರಿಂದ ಐದು, ಸೋಮವಾರ ರಜೆ.
ಪಟ್ಟಿ ಬರೆಸಿದವನು ಬೂಬ ಮಾವ, ಬರೆದವಳು ನಾನು.
ಒಂದು, ಕೆಂಪು ಪಟ್ಟೆ, ಅಂಚು ಇಲಿ ತಿಂದದ್ದು.
ಎರಡು, ಬೆಳ್ಳಿಯ ಸೊಂಟಪಟ್ಟಿ, ಕೊಂಡಿ ಇಲ್ಲ.
ನಾಲ್ಕು, ಕಡ್ಸಲೆ.
ಮೂರು ಎಲ್ಲಿ ಟೀಚರ್, ಎನ್ನುತ್ತಾರೆ ಶಾಲೆಯ ಮಕ್ಕಳು.
ಮೂರು ಮಾವನ ಬೆರಳಲ್ಲಿತ್ತು, ಕಳಚಲು ಬರಲಿಲ್ಲ,
ಹಾಗೇ ಸುಟ್ಟೆವು.
ಏಳು, ಗಂಟೆ. ಕಂಚು. ನಾಲಗೆಗೆ ಬಟ್ಟೆ ಸುತ್ತಿದೆ.

ಹಗಲು ಮಾವ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುತ್ತಿದ್ದ.
ಕೋಲದ ರಾತ್ರಿ ಪಿಂಗಾರ ಮುಖಕ್ಕೆ ಬಡಿದುಕೊಂಡು
ಹಿಮ್ಮಡಿಯಿಂದ ನಡುಕ ಮೇಲೇರುವಾಗ
ಗುತ್ತಿನವರೂ ಕೈಮುಗಿದು ನಿಲ್ಲುತ್ತಿದ್ದರು.
ಬೆಳಿಗ್ಗೆ ಅದೇ ಗುತ್ತಿನ ಜಗಲಿಯ ಕೆಳಗೆ
ನಿಂತು ಕಾಫಿ ಕುಡಿದು
ಲೋಟ ತೊಳೆದು ಕವುಚಿ ಇಡುತ್ತಿದ್ದ.
ಆ ಲೋಟ ಇಲ್ಲಿಲ್ಲ. ಇರಬೇಕಿತ್ತು.

ಮಾವನಿಂದ ಅಳಿಯನಿಗೆ ಎಂಬುದು ಕಟ್ಟು.
ಜಯಕರಣ್ಣ ಮೂರು ವರ್ಷ ನಿಂತ,
ಮಿಂದ, ಮೀನು ಬಿಟ್ಟ, ಪಟ್ಟೆ ಉಟ್ಟ.
ತೆಂಬರೆ ಬಡಿಯಿತು. ಎಲ್ಲರ ಕಣ್ಣು ಅವನ ಮೊಣಕಾಲಿನ ಮೇಲೆ.
ಬರಲಿಲ್ಲ.
ನಟಿಸಬಹುದಿತ್ತು, ಯಾರಿಗೆ ಗೊತ್ತಾಗುತ್ತಿತ್ತು?
ಮೂರನೆಯ ವರ್ಷ ಗಂಟೆ ಕೆಳಗಿಟ್ಟು
"ನನಗೆ ಬರುವುದಿಲ್ಲ" ಎಂದ, ಮೈಕ್ ಇರುವುದು ಮರೆತು.
ನಮ್ಮ ಮನೆಯಲ್ಲಿ ನುಡಿ ಎಂಬುದೊಂದು ಬಿದ್ದಿದ್ದರೆ
ಅದೇ, ಅಂತ ನನಗೆ ಈಗಲೂ ಅನ್ನಿಸುತ್ತದೆ.

ಸ್ಥಾನಕ್ಕೆ ಟೈಲ್ಸ್ ಬಂತು, ಬೆಳ್ಳಿಯ ಗಂಟೆ ಬಂತು,
ಬೇರೆ ಊರಿನ ಪಾತ್ರಿ ಬಂದರು.
ಹಳೆಯ ಕಂಚು ಗೋಣಿಯಲ್ಲಿ, ಅಣ್ಣನ ರಿಕ್ಷಾದಲ್ಲಿ, ಮನೆಗೆ.

ಹೆಣ್ಣುಮಕ್ಕಳು ಮುಟ್ಟಬಾರದು ಅಂತಿತ್ತು.
ಅಜ್ಜಿ ಅದರ ನೆರಳಿಗೂ ಬದಿ ಸರಿಯುತ್ತಿದ್ದಳು.
ನಂಬರ್ ಅಂಟಿಸಿದ ಮೇಲೆ ಯಾರೂ ಬೇಡ ಅನ್ನಲಿಲ್ಲ.
ಶುಕ್ರವಾರ ಹುಣಸೆಹುಳಿ ಹಚ್ಚಿ ತಿಕ್ಕುತ್ತೇನೆ,
ಆ ಮೂರು ದಿನದಲ್ಲಿ ಶುಕ್ರವಾರ ಬಂದರೂ ತಿಕ್ಕುತ್ತೇನೆ.
ಮಾವನ ಹೆಬ್ಬೆರಳು ಸವೆಸಿದ ಕಡೆ
ನನ್ನದು ಸರಿಯಾಗಿ ಕೂರುತ್ತದೆ.
ಇದನ್ನು ಚೀಟಿಯಲ್ಲಿ ಬರೆದಿಲ್ಲ.

ಕಳೆದ ಬುಧವಾರ, ನಾಲ್ಕೂವರೆಗೆ,
ಮೀನಿನ ಬುಟ್ಟಿ ಹೊರಗಿಟ್ಟು ಒಬ್ಬರು ಬಂದರು.
ಪಿತ್ರೋಡಿಯ ರುಕ್ಕು ಮರಕಾಲ್ತಿ.
ಚೀಟಿ ನೋಡಲಿಲ್ಲ. ಒಂದರಿಂದ ಆರು ದಾಟಿ
ಏಳರ ಮುಂದೆ ನಿಂತು, ಸೆರಗಿಗೆ ಕೈ ಒರೆಸಿ,
ಹೇಳತೊಡಗಿದರು, ತುಳುವಿನಲ್ಲಿ, ಮೆಲ್ಲಗೆ,
ಗಾಜಿಗೆ ಉಸಿರಿನ ಆವಿ ಕಟ್ಟುವಷ್ಟು ಹತ್ತಿರದಿಂದ:
ತಮ್ಮನ ಪಾಲು, ಕಿತ್ತ ಗಡಿಕಲ್ಲು,
ಸೊಸೆಯ ಕರಿಮಣಿ ಅಡವಿಟ್ಟದ್ದು ಯಾರು ಎಂಬುದು,
ಒಂದು ಹೆಸರು ಎರಡು ಸಲ.

ನಾನು ಎದ್ದು ಹೇಳಬೇಕಿತ್ತು: ಅಕ್ಕ,
ಇದು ಮ್ಯೂಸಿಯಂ, ಇಲ್ಲಿ ನುಡಿ ಸಿಗುವುದಿಲ್ಲ,
ಐದಕ್ಕೆ ಬಂದ್.
ಎದ್ದು ಫ್ಯಾನ್ ಆಫ್ ಮಾಡಿದೆ, ಕೇಳಲಿ ಎಂದು.
ಯಾರಿಗೆ ಕೇಳಲಿ ಎಂದು, ಗೊತ್ತಿಲ್ಲ.

ಮುಗಿಸಿ, ಹತ್ತು ರೂಪಾಯಿ ಡಬ್ಬಿಗೆ ಹಾಕಿದರು.
ಪುಸ್ತಕ ಮುಂದಿಟ್ಟೆ: ಹೆಸರು, ಊರು, ಅಭಿಪ್ರಾಯ.
ಮೇಲಿನ ಸಾಲಿನಲ್ಲಿ ಯಾರೋ ಕಾಲೇಜಿನ ಹುಡುಗ
"ಉತ್ತಮ ಸಂಗ್ರಹ, ಬೆಳಕು ಸಾಲದು" ಎಂದು ಬರೆದಿದ್ದ.
"ನನಗೆ ಅಕ್ಷರ ಬರುವುದಿಲ್ಲ ಮಗಾ, ನೀನೇ ಬರಿ.
ಹೇಳಿ ಆಗಿದೆ, ಅಂತ ಬರಿ."

ಬರೆದೆ.
ಬೀಗ ಹಾಕುವಾಗ ಅಣ್ಣನ ರಿಕ್ಷಾ ಬಂದು ನಿಂತಿತು.
ಯಾರಾದರೂ ಬಂದಿದ್ದರಾ, ಅಂದ.
ಒಬ್ಬರು, ಅಂದೆ.
ಗಾಜು ಒರೆಸಿದೆಯಾ, ಅಂದ.
ಇಲ್ಲ, ನಾಳೆ, ಅಂದೆ.